ಯಾರ ಹಾಡು ನಾಡಿನ ಹಾಡು?



ಮಾಗಿಯ ಚಳಿ ಮೊದಲಾಗಿ ಹೋಳಿಹುಣ್ಣಿಮೆ ಸಮೀಪಿಸುವವರೆಗಿನ ಅವಧಿಯಲ್ಲಿ ಯೂರೋಪಿನ ಹಲವು ದೇಶಗಳಲ್ಲಿ ಒಂದು ಬಗೆಯ ಗೀತಸ್ಪರ್ಧೆ ನಡೆಯುತ್ತದೆ. ಮುಂದೆ ಮೇ ತಿಂಗಳಲ್ಲಿ ಯೂರೋವಿಷನ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ಇರುತ್ತದಷ್ಟೆ. ಅಲ್ಲಿಗೆ ತಮ್ಮ ದೇಶದ ಪರವಾಗಿ ಯಾವ ಹಾಡು ಹೋಗಬೇಕು ಎಂಬುದನ್ನು ಆಯಾ ದೇಶದವರು ತಮ್ಮೊಳಗೆ ತೀರ್ಮಾನಿಸಿಕೊಳ್ಳುವ ಸ್ಪರ್ಧೆ ಇದು. ಕೆಲವು ವರ್ಷಗಳಿಂದ ನಾನು ಈ ದೇಶೀಯ ಸುತ್ತುಗಳನ್ನು ಆಸಕ್ತಿಯಿಂದ ಗಮನಿಸುತ್ತ ಬಂದಿದ್ದೇನೆ. ಪಂಪ-ಕುಮಾರವ್ಯಾಸರನ್ನು ಪಾಠ ಹೇಳಿ ನಿವೃತ್ತನಾದವನಿಗೆ ಈ ಗೊಡವೆ ಏಕೆ ಎಂದು ಸ್ನೇಹಿತರು ಕೇಳುವುದುಂಟು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಹಾಡುಗಳ ಬಗ್ಗೆ ಯೋಚಿಸುವುದಕ್ಕೆ ನನಗೆ ಇದು ನೆರವಾಗಿದೆ ಎಂಬುದೇ ಅದಕ್ಕೆ ಉತ್ತರ. ಆ ಯೋಚನೆಯನ್ನು ತಮ್ಮ ಮುಂದೆ ಇಡುವುದು ಇಂದಿನ ಭಾಷಣದ ಉದ್ದೇಶ.

ಮೊದಲು ಈ ಸ್ಪರ್ಧೆಯ ಹಿನ್ನೆಲೆಯನ್ನು ನೋಡೋಣ. ಎರಡನೆಯ ಮಹಾಯುದ್ಧ ಮುಗಿದು ಹತ್ತು ವರ್ಷ ಕಳೆದಿತ್ತು. ಒಬ್ಬರ ಊರುಗಳ ಮೇಲೆ ಇನ್ನೊಬ್ಬರು ಬಾಂಬು ಸುರಿಸಿದ್ದ ದೇಶಗಳು ಒಂದೇ ಸಂಜೆ ಒಂದೇ ಕಾರ್ಯಕ್ರಮವನ್ನು ನೋಡುವಂತೆ ಮಾಡಬಹುದೇ ಎಂದು ಅಲ್ಲಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಯೋಚಿಸಿತು. ಇಟಲಿಯ ಸಾನ್ ರೆಮೊ ಎಂಬ ಕಡಲತೀರದ ಊರಿನಲ್ಲಿ 1951ರಿಂದ ಗೀತೋತ್ಸವವೊಂದು ನಡೆಯುತ್ತಿತ್ತು. ಅದನ್ನೇ ಮಾದರಿಯಾಗಿಟ್ಟುಕೊಂಡು 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಮೊದಲ ಯೂರೋವಿಷನ್ ಸ್ಪರ್ಧೆಯನ್ನು ಏರ್ಪಡಿಸಿದರು. ಏಳು ದೇಶಗಳು ತಲಾ ಎರಡು ಹಾಡುಗಳನ್ನು ಹಾಡಿದವು. ಗೆದ್ದದ್ದು ಆತಿಥೇಯ ಸ್ವಿಟ್ಜರ್ಲೆಂಡ್. ಆ ಒಂದು ವರ್ಷ ಮಾತ್ರ ತೀರ್ಪುಗಾರರು ತಮ್ಮ ದೇಶದ ಹಾಡಿಗೂ ಅಂಕ ಕೊಡಬಹುದಾಗಿತ್ತು. ಮರುವರ್ಷ, ಅಂದರೆ 1957ರಿಂದ, ಯಾವ ದೇಶವೂ ತನ್ನ ಹಾಡಿಗೆ ತಾನು ಅಂಕ ಕೊಡಕೂಡದು ಎಂಬ ನಿಯಮ ಬಂದಿತು. ಆ ನಿಯಮ ಇಂದಿಗೂ ಬದಲಾಗಿಲ್ಲ.

ಈ ಪುಟ್ಟ ನಿಯಮದ ಅರ್ಥ ನನಗೆ ದೊಡ್ಡದಾಗಿ ಕಾಣುತ್ತದೆ. ಚಳಿಗಾಲದ ದೇಶೀಯ ಸುತ್ತಿನಲ್ಲಿ ಜನರು ತಮ್ಮ ನಡುವಿನಿಂದಲೇ ಒಂದು ದನಿಯನ್ನು ಆರಿಸಬೇಕು. 'ಇದು ನಾವು' ಎಂದು ಒಪ್ಪಿಕೊಳ್ಳಬೇಕು. ಮೇ ತಿಂಗಳ ಅಂತಿಮ ಸುತ್ತಿನಲ್ಲಿ ಅದೇ ಜನರು ತಮ್ಮದನ್ನು ಬದಿಗಿಟ್ಟು ನೆರೆಯವರ ಹಾಡನ್ನು ಮಾತ್ರ ತೂಗಬೇಕು. ಮೊದಲನೆಯದು ಆತ್ಮಪರೀಕ್ಷೆ, ಎರಡನೆಯದು ಪರರ ಗೌರವ. ಒಂದು ಸಮಾಜಕ್ಕೆ ಎರಡೂ ಬೇಕು. ಆದರೆ ಮೊದಲನೆಯದು ಸರಿಯಾಗದೆ ಎರಡನೆಯದಕ್ಕೆ ಬೆಲೆಯಿಲ್ಲ. ಕೆಲವು ದೇಶಗಳಲ್ಲಿ ಪ್ರಸಾರ ಸಂಸ್ಥೆಯೇ ಒಳಗೊಳಗೆ ಗಾಯಕರನ್ನು ಆರಿಸಿಬಿಡುತ್ತದೆ. ಅಂಥ ದೇಶಗಳ ಬಗ್ಗೆ ನನಗೆ ಅಷ್ಟು ಕುತೂಹಲವಿಲ್ಲ. ಸ್ವೀಡನ್ನಿನಲ್ಲಿ ಹಾಗಲ್ಲ, ಅಲ್ಲಿ ಪ್ರಾಥಮಿಕ ಸುತ್ತುಗಳು ವಾರಕ್ಕೊಂದು ಊರಿನಂತೆ ಸಂಚರಿಸುತ್ತ ಕೊನೆಗೆ ರಾಜಧಾನಿಯನ್ನು ಸೇರುತ್ತವೆ. ಇಟಲಿಯ ಸಾನ್ ರೆಮೊ ಉತ್ಸವವಂತೂ ಐದು ರಾತ್ರಿ ನಡೆಯುತ್ತದೆ.

ಅಂತಿಮ ಸುತ್ತಿನ ಅಂಕಗಳಿಗಿಂತ ತವರಿನ ಆಯ್ಕೆಯೇ ಮುಖ್ಯವಾದದ್ದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

1958ರಲ್ಲಿ ದೊಮೆನಿಕೊ ಮೊದುನ್ಯೊ ಎಂಬ ಗಾಯಕ ಹಾಡಿದ, ಮುಂದೆ 'ವೊಲಾರೆ' ಎಂಬ ಹೆಸರಿನಿಂದಲೇ ಪ್ರಸಿದ್ಧವಾದ ಹಾಡು ಸಾನ್ ರೆಮೊದಲ್ಲಿ ಮೊದಲ ಸ್ಥಾನ ಪಡೆಯಿತು. ಯೂರೋವಿಷನ್ನಿನಲ್ಲಿ ಅದಕ್ಕೆ ಸಿಕ್ಕಿದ್ದು ಮೂರನೆಯ ಸ್ಥಾನ. ಆ ವರ್ಷದ ಮೊದಲನೆಯ ಮತ್ತು ಎರಡನೆಯ ಹಾಡುಗಳನ್ನು ಇಂದು ನೆನೆಯುವವರು ಕಡಮೆ. ಮೂರನೆಯದು ಮಾತ್ರ ಜಗತ್ತನ್ನೆಲ್ಲ ಸುತ್ತಿತು.

ಎರಡನೆಯದು ಪೋರ್ಚುಗಲ್ಲಿನದು. 1974ರ ಮಾರ್ಚಿನಲ್ಲಿ ಅಲ್ಲಿನ ದೇಶೀಯ ಸ್ಪರ್ಧೆಯನ್ನು ಪಾವ್ಲೊ ದ ಕಾರ್ವಾಲ್ಯೊ ಹಾಡಿದ ಒಂದು ವಿದಾಯಗೀತೆ ಗೆದ್ದಿತು. ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆದ ಅಂತಿಮ ಸ್ಪರ್ಧೆಯಲ್ಲಿ ಅದಕ್ಕೆ ಬಂದದ್ದು ಮೂರೇ ಅಂಕ. ಅದು ಕೊನೆಯ ಸ್ಥಾನವನ್ನು ಇತರರೊಡನೆ ಹಂಚಿಕೊಂಡಿತು. ಹದಿನೆಂಟು ದಿನ ಕಳೆದು, ಏಪ್ರಿಲ್ 24ರ ರಾತ್ರಿ ಹನ್ನೊಂದಕ್ಕೆ ಐದು ನಿಮಿಷವಿರುವಾಗ, ಲಿಸ್ಬನ್ನಿನ ಬಾನುಲಿಯಲ್ಲಿ ಅದೇ ಹಾಡು ಪ್ರಸಾರವಾಯಿತು. ದಶಕಗಳ ಸರ್ವಾಧಿಕಾರವನ್ನು ಕೊನೆಗಾಣಿಸಲು ಹೊರಟ ಸೈನಿಕರಿಗೆ ಅದು ಸಿದ್ಧರಾಗಿರಿ ಎಂಬ ಸಂಕೇತವಾಗಿತ್ತು. ನಡುರಾತ್ರಿಯ ನಂತರ ಇನ್ನೊಂದು ಹಾಡು ಎರಡನೆಯ ಸಂಕೇತವಾಗಿ ಬಂದಿತು. ಬೆಳಗಾಗುವ ಹೊತ್ತಿಗೆ ಕ್ರಾಂತಿ ಆರಂಭವಾಗಿತ್ತು. ನಾಡಿಗೆಲ್ಲ ಪರಿಚಿತವಾದ, ಯಾರ ಸಂಶಯಕ್ಕೂ ಎಡೆಗೊಡದ ಪ್ರೇಮಗೀತೆ ಅದಾಗಿದ್ದರಿಂದಲೇ ಸಂಕೇತಕ್ಕೆ ಒದಗಿತು. ಹೊರಗಿನವರು ಮೂರು ಅಂಕ ಕೊಟ್ಟ ಹಾಡಿಗೆ ತವರಿನಲ್ಲಿ ಒದಗಿದ ಕೆಲಸ ಇಂಥದು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಪ್ರಸಂಗಕ್ಕೆ ಬರುತ್ತೇನೆ. ಅದು 1980ನೆಯ ಇಸವಿಯದು, ನಾರ್ವೆ ದೇಶದ್ದು.

ನಾರ್ವೆಯ ಉತ್ತರ ತುದಿಯಲ್ಲಿ ಸಾಮಿ ಎಂಬ ಜನರಿದ್ದಾರೆ. ಅವರಲ್ಲಿ ಹಲವರು ಹಿಮಸಾರಂಗಗಳನ್ನು ಮೇಯಿಸಿಕೊಂಡು ಬಂದವರು. ಅವರಿಗೆ ತಮ್ಮದೇ ಭಾಷೆಯಿದೆ, 'ಯೋಯಿಕ್' ಎಂಬ ತಮ್ಮದೇ ಗಾಯನವಿದೆ. ಒಂದು ಬೆಟ್ಟದ ಬಗ್ಗೆಯೋ ಒಬ್ಬ ಮನುಷ್ಯನ ಬಗ್ಗೆಯೋ ಹಾಡುವುದು ಯೋಯಿಕ್ ಅಲ್ಲವಂತೆ. ಆ ಬೆಟ್ಟವನ್ನೇ, ಆ ಮನುಷ್ಯನನ್ನೇ ದನಿಯಲ್ಲಿ ಕರೆದು ನಿಲ್ಲಿಸುವುದು ಯೋಯಿಕ್. ಅದರಲ್ಲಿ ಎಷ್ಟೋ ವೇಳೆ ಮಾತೇ ಇರುವುದಿಲ್ಲ. ಪಾದ್ರಿಗಳು ಅದನ್ನು ಬಹುಕಾಲ ಪಾಪವೆಂದರು. ಇಂಥ ಜನರ ನೆಲದಲ್ಲಿ ಹರಿಯುವ ಆಲ್ಟಾ ನದಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಲು ಸರಕಾರ ನಿರ್ಧರಿಸಿತು. 1979ರ ಅಕ್ಟೋಬರಿನಲ್ಲಿ ಸಾಮಿ ತರುಣರು ರಾಜಧಾನಿ ಓಸ್ಲೊದಲ್ಲಿ ಸಂಸತ್ತಿನ ಮುಂದೆ ತಮ್ಮ ಗುಡಾರ ಹಾಕಿ ಉಪವಾಸ ಕುಳಿತರು. ಅದಾದ ಕೆಲವೇ ತಿಂಗಳಿಗೆ, 1980ರ ದೇಶೀಯ ಗೀತಸ್ಪರ್ಧೆಯಲ್ಲಿ ಸ್ವೆರೆ ಶೆಲ್ಸ್‌ಬೆರ್ಗ್ ಎಂಬ ನಾರ್ವೆಯ ಗಾಯಕ ಮತ್ತು ಮಾತ್ತಿಸ್ ಹೆತ್ತಾ ಎಂಬ ಸಾಮಿ ಗಾಯಕ ಜೊತೆಯಾಗಿ ನಿಂತರು. ಅವರ ಹಾಡಿನ ಹೆಸರಿಗೆ 'ಸಾಮಿಗಳ ನಾಡು' ಎಂದು ಅರ್ಥ. ಒಬ್ಬರು ನಾರ್ವೆಯ ಭಾಷೆಯಲ್ಲಿ ಹಾಡಿದರು. ಇನ್ನೊಬ್ಬರು ತಮ್ಮವರ ಉಡುಪಿನಲ್ಲಿ ಬಂದು ಯೋಯಿಕ್ ಹಾಡಿದರು. ಆ ಹಾಡು ಗೆದ್ದಿತು.

ಅಂತಿಮ ಸ್ಪರ್ಧೆಯಲ್ಲಿ ಹತ್ತೊಂಬತ್ತು ದೇಶಗಳ ಪೈಕಿ ಅದಕ್ಕೆ ಸಿಕ್ಕಿದ್ದು ಹದಿನಾರನೆಯ ಸ್ಥಾನ. ಅಣೆಕಟ್ಟನ್ನೂ ಅದು ತಡೆಯಲಿಲ್ಲ. 1981ರ ಜನವರಿಯಲ್ಲಿ ನೂರಾರು ಪೊಲೀಸರು ಬಂದು ಪ್ರತಿಭಟನೆಗಾರರನ್ನು ಎತ್ತಿ ಸಾಗಿಸಿದರು. 1987ರಲ್ಲಿ ಅಣೆಕಟ್ಟು ಮುಗಿಯಿತು. ಹಾಗಾದರೆ ಆ ಹಾಡಿನಿಂದ ಆದದ್ದೇನು? ಹೀಗೆಂದು ತೂಗಿ ತೋರಿಸಲಾಗದು. ಆದರೆ ನಾಡಿನ ದೊಡ್ಡ ಭಾಷೆಯ ಜನ, ತಾವು ಬಹುಕಾಲ ಕೀಳೆಂದು ಬಗೆದಿದ್ದ ಗಾಯನವೊಂದನ್ನು 'ಇದು ನಮ್ಮ ದೇಶದ ದನಿ' ಎಂದು ಹೊರಗೆ ಕಳುಹಿಸಿಕೊಟ್ಟರು. 1989ರಲ್ಲಿ ಸಾಮಿ ಜನರಿಗೆ ತಮ್ಮದೇ ಪ್ರತಿನಿಧಿ ಸಭೆ ದೊರೆಯಿತು. ಅದನ್ನು ತಂದದ್ದು ಹೋರಾಟವೇ ಹೊರತು ಹಾಡಲ್ಲ. ಆದರೂ, ಯಾರಿಗಾಗಿ ಹೋರಾಟ ನಡೆಯುತ್ತಿದೆಯೋ ಅವರ ದನಿ ಮನೆಮನೆಯಲ್ಲಿ ಒಮ್ಮೆ ಕೇಳಿಸಿದ್ದರೆ ಮುಂದಿನ ಮಾತು ಸುಲಭವಾಗುತ್ತದೆ. 2019ರಲ್ಲಿ ನಾರ್ವೆ ಮತ್ತೊಮ್ಮೆ ಯೋಯಿಕ್ ಇರುವ ಹಾಡನ್ನೇ ಕಳುಹಿಸಿತು. ಆ ಸಲ ಯೂರೋಪಿನ ಸಾಮಾನ್ಯ ಪ್ರೇಕ್ಷಕರ ಮತಗಳಲ್ಲಿ ಅದಕ್ಕೇ ಮೊದಲ ಸ್ಥಾನ.

ನದಿ, ಅಣೆಕಟ್ಟು, ವಿದ್ಯುತ್ತು, ಕಾಡಿನ ಜನ ಎಂದೊಡನೆ ನಮ್ಮ ಭಾಗದ ಕೇಳುಗರ ಮನಸ್ಸು ತಾನಾಗಿ ಕಾಳಿ ನದಿಯ ಕಡೆ ತಿರುಗಿರಬೇಕು. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಬಳಿ ಕಾಳಿಗೆ ಅಡ್ಡಲಾಗಿ ನೂರೊಂದು ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದದ್ದು ಹೆಚ್ಚುಕಡಮೆ ಆಲ್ಟಾದ ಕಾಲದಲ್ಲೇ. ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಊರು ನೀರಿನಡಿ ಸೇರಿತು, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು, ಹೆಸರೂ ಬದಲಾಯಿತು. ಮನೆಮಠ ಕಳೆದುಕೊಂಡವರಲ್ಲಿ ಅನೇಕರು ರಾಮನಗರದಲ್ಲಿ ನೆಲೆ ಕಂಡುಕೊಂಡರು. ಆ ನೀರಿನಿಂದ ಹುಟ್ಟುವ ವಿದ್ಯುತ್ತು ನಾಡಿಗೆಲ್ಲ ಬೆಳಕು ಕೊಟ್ಟಿದೆ, ಸಂತೋಷ. ಆದರೆ ಮುಳುಗಿದ ಊರಿನ ಹಾಡು ನಾಡಿನ ಯಾವುದಾದರೂ ದೊಡ್ಡ ವೇದಿಕೆಯಲ್ಲಿ ನಾಡಿನ ಹಾಡಾಗಿ ಕೇಳಿಸಿದ್ದನ್ನು ನಾನು ಕಂಡಿಲ್ಲ.

ಹಾಡುವವರು ಇಲ್ಲವೆಂದೇನೂ ಅಲ್ಲ. ಈ ನಾಲ್ಕು ತಾಲ್ಲೂಕುಗಳಷ್ಟು ದನಿಗಳು ಒಟ್ಟಿಗಿರುವ ಪ್ರದೇಶ ಕರ್ನಾಟಕದಲ್ಲಿ ವಿರಳ. ಕೆಲವು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಅದರಲ್ಲೂ ಗುಲಾಮರಾಗಿ ಬಂದವರ ಸಂತತಿಯಾದ ಸಿದ್ದಿಗಳು ಹಳಿಯಾಳ, ಮುಂಡಗೋಡ, ಜೋಯಿಡಾ, ನೆರೆಯ ಯಲ್ಲಾಪುರಗಳ ಕಾಡಂಚಿನಲ್ಲಿದ್ದಾರೆ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಉಂಟು. ಡಮಾಮಿಯ ಬಡಿತ ಕೇಳಿದರೆ ಸಿದ್ದಿಗಳೆಲ್ಲ ಒಂದು. ಜೋಯಿಡಾದಲ್ಲಿ ಕೊಂಕಣಿಯಾಡುವ ಕುಣಬಿಗಳಿದ್ದಾರೆ. ಎಮ್ಮೆಗಳನ್ನು ಮೇಯಿಸುತ್ತ ಬಂದ, ದಸರೆಯಲ್ಲಿ ಡೋಲಿನ ಸದ್ದಿಗೆ ಕುಣಿದು ಹಾಡುವ ಗೌಳಿಗರಿದ್ದಾರೆ. ಹಳಿಯಾಳದ ಸಂತೆಯಲ್ಲಿ ಕನ್ನಡ ಮರಾಠಿಗಳು ಒಂದೇ ವಾಕ್ಯದಲ್ಲಿ ಹೆಗಲು ತಾಗಿಸಿಕೊಂಡು ನಡೆಯುತ್ತವೆ. ಕಾಗದದ ಕಾರ್ಖಾನೆಯಿಂದ ಬೆಳೆದ ದಾಂಡೇಲಿಗೆ ದುಡಿಯಲು ಬಂದವರು ತಮ್ಮತಮ್ಮ ಸೀಮೆಯ ಪದಗಳನ್ನು ಗಂಟು ಕಟ್ಟಿಕೊಂಡೇ ಬಂದರು. ಮುಂಡಗೋಡಿನಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರ ನೆಲೆಯಿದೆ. ಅಲ್ಲಿನ ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳು ಒಂದೇ ಕಂಠದಿಂದ ಹಲವು ಸ್ವರಗಳನ್ನು ಹೊರಡಿಸುವ ಮಂತ್ರಗಾಯನವನ್ನು ಅಮೆರಿಕದ ವೇದಿಕೆಗಳಲ್ಲಿ ಕೇಳಿಸಿ ಬಂದಿದ್ದಾರೆ. ಮುಂಡಗೋಡಿನ ಪಕ್ಕದ ಹಳ್ಳಿಯವರಲ್ಲಿ ಎಷ್ಟು ಮಂದಿ ಅದನ್ನು ಕೂತು ಕೇಳಿದ್ದಾರೆ?

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಈ ಜನರನ್ನು ದೇಶವು ಅಂತರರಾಷ್ಟ್ರೀಯ ಸ್ಪರ್ಧೆಗಾಗಿ ಹುಡುಕಿಕೊಂಡು ಬಂದದ್ದುಂಟು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಯೋಜನೆಯೊಂದರ ಅಡಿಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕಾ ಮೂಲದ ಮೈಕಟ್ಟಿನಿಂದ ಒಲಿಂಪಿಕ್ಸ್ ಪದಕ ಬರಬಹುದು ಎಂಬುದು ಲೆಕ್ಕಾಚಾರ. ಕೆಲವರು ಓಟದಲ್ಲಿ ಹೆಸರು ಮಾಡಿದರು ಕೂಡ. 1993ರ ಹೊತ್ತಿಗೆ ಆ ಯೋಜನೆ ನಿಂತುಹೋಯಿತು. ಮಕ್ಕಳು ಊರಿಗೆ ಮರಳಿದರು. ನಾಡು ಅವರ ಕಾಲುಗಳನ್ನು ಹುಡುಕಿಕೊಂಡು ಬಂದಿತು, ಕಂಠವನ್ನು ಹುಡುಕಿಕೊಂಡು ಬರಲಿಲ್ಲ. ಸಿದ್ದಿಗಳು ಪರಿಶಿಷ್ಟ ಪಂಗಡವೆಂದು ಮಾನ್ಯರಾದದ್ದೂ 2003ರಲ್ಲಿ.

ನಮ್ಮಲ್ಲಿ ಸ್ಪರ್ಧೆಗಳಿಲ್ಲವೇ ಎಂದು ತಾವು ಕೇಳಬಹುದು. ಉಂಟು. ಆಕಾಶವಾಣಿಯು ಯುವ ಕಲಾವಿದರಿಗಾಗಿ ಸಂಗೀತ ಸ್ಪರ್ಧೆಗಳನ್ನು ನಡೆಸುತ್ತ ಬಂದಿದೆ. ಯುವಜನೋತ್ಸವಗಳಲ್ಲಿ ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೆಟ್ಟಿಲುಗಳಿವೆ. 2023ರ ಜನವರಿಯಲ್ಲಿ ಇಪ್ಪತ್ತಾರನೆಯ ರಾಷ್ಟ್ರೀಯ ಯುವಜನೋತ್ಸವ ನಮಗೆ ಕೂಗಳತೆಯ ಹುಬ್ಬಳ್ಳಿ-ಧಾರವಾಡದಲ್ಲೇ ನಡೆಯಿತು. ಇವುಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜನಪದ ಗೀತೆಯ ಸ್ಪರ್ಧೆಯೊಂದರಲ್ಲಿ ತೀರ್ಪುಗಾರನಾಗಿ ಕುಳಿತಾಗ ನನ್ನ ಕೈಗೆ ಬಂದ ಅಂಕಪಟ್ಟಿ ನೆನಪಿದೆ. ಶ್ರುತಿಗೆ ಇಷ್ಟು, ತಾಳಕ್ಕೆ ಇಷ್ಟು, ವೇಷಭೂಷಣಕ್ಕೆ ಇಷ್ಟು, ಒಟ್ಟು ಪರಿಣಾಮಕ್ಕೆ ಇಷ್ಟು ಎಂದು ಮನೆಗಳಿದ್ದವು. ಹಾಡಿನ ಮಾತಿಗೆ ಒಂದು ಮನೆಯೂ ಇರಲಿಲ್ಲ. ಗೌಳಿ ಹುಡುಗಿಯರ ತಂಡವೊಂದು ತಮ್ಮ ನುಡಿಯಲ್ಲಿ ಹಾಡಿತು. ಅರ್ಥ ತಿಳಿಸುವವರು ಯಾರೂ ಇರಲಿಲ್ಲ. ಕೇಳುವ ವ್ಯವಧಾನವೂ ಇರಲಿಲ್ಲ. ಗಂಟೆ ಬಾರಿಸಿತು, ಮುಂದಿನ ತಂಡ ಬಂದಿತು. ನಮ್ಮ ವೇದಿಕೆಗಳು ಈ ಜನರನ್ನು ಕಣ್ಣಿಗೆ ಹಬ್ಬವಾಗಿ ಕರೆಯುತ್ತವೆ. ಕಿವಿಗೆ ಮಾತಾಗಿ ಕರೆಯುವುದಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಸೊಗಸಾದ ಪರಂಪರೆ ನಮ್ಮ ಬಾನುಲಿಯಲ್ಲೇ ಇದೆ. ಯೂರೋವಿಷನ್ ಹುಟ್ಟಿದ 1956ರಲ್ಲೇ ಆಕಾಶವಾಣಿಯ ಸರ್ವಭಾಷಾ ಕವಿಸಮ್ಮೇಳನವೂ ಹುಟ್ಟಿತು. ಗಣರಾಜ್ಯೋತ್ಸವದ ಮುನ್ನಾ ರಾತ್ರಿ ಪ್ರಸಾರವಾಗುವ ಈ ಕಾರ್ಯಕ್ರಮದಲ್ಲಿ ಕವಿಗಳು ತಮ್ಮತಮ್ಮ ನುಡಿಯಲ್ಲಿ ಓದುತ್ತಾರೆ, ಜೊತೆಗೆ ಹಿಂದಿಯ ಅನುವಾದ ಬರುತ್ತದೆ. ಪ್ರಾದೇಶಿಕ ನಿಲಯಗಳು ತಮ್ಮ ಭಾಷೆಯಲ್ಲಿ ಅವನ್ನು ಕೇಳಿಸುತ್ತವೆ. ಅಂಕವಿಲ್ಲ, ಬಹುಮಾನವಿಲ್ಲ, ಮೂಲದ ದನಿ ಮತ್ತು ಅದರ ಅರ್ಥ, ಎರಡಕ್ಕೂ ಅಲ್ಲಿ ಮರ್ಯಾದೆ. ಸಂವಿಧಾನದ ಎಂಟನೆಯ ಅನುಸೂಚಿಯ ಹೊರಗುಳಿದ ಸಣ್ಣ ನುಡಿಗಳಿಗೆ ಆ ಬಾಗಿಲು ಇನ್ನೂ ಅಗಲವಾಗಬೇಕಾಗಿದೆ ಎಂಬುದು ನಿಜ. ಆದರೆ ದಾರಿ ಅದು.

ಸ್ಪರ್ಧೆಯನ್ನು ನಾನು ಹೊಗಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ಸ್ಪರ್ಧೆ ಹಾಡನ್ನು ಕೆಡಿಸುವುದೂ ಉಂಟು. ಹಾಡು ಮೂರು ನಿಮಿಷ ಮೀರುವಂತಿಲ್ಲ ಎಂಬುದು ಯೂರೋವಿಷನ್ನಿನ ಕಟ್ಟಳೆ. ಇರುಳಿಡೀ ಒಬ್ಬಳು ಎತ್ತಿಕೊಟ್ಟು ಹತ್ತು ಮಂದಿ ಹೊತ್ತು ಸಾಗಿಸುವ ಹಾಡು ಮೂರು ನಿಮಿಷದಲ್ಲಿ ಹಿಡಿಸೀತೇ? ಪ್ರತಿ ದೇಶವೂ ತನ್ನ ಭಾಷೆಯಲ್ಲೇ ಹಾಡಬೇಕೆಂಬ ನಿಯಮ 1966ರಲ್ಲಿ ಬಂದು, ನಡುವೆ ಕೆಲವು ವರ್ಷ ಸಡಿಲಗೊಂಡು, 1999ರಲ್ಲಿ ಪೂರ್ತಿ ಹೋಯಿತು. ಆಮೇಲೆ ಅಲ್ಲಿ ಇಂಗ್ಲಿಷಿನ ಪ್ರವಾಹವೇ ಹರಿಯಿತು. ರಾಜಕೀಯವೂ ಹೊರಗುಳಿದಿಲ್ಲ. 2022ರಲ್ಲಿ ಉಕ್ರೇನಿನ ಮೇಲಿನ ಆಕ್ರಮಣದ ಕಾರಣ ರಷ್ಯವನ್ನು ಹೊರಗಿಟ್ಟರು. 2025ರ ಕೊನೆಯಲ್ಲಿ ಇಸ್ರೇಲಿನ ಪ್ರಶ್ನೆಯ ಮೇಲೆ ಕೆಲವು ದೇಶಗಳೇ ತಾವು ಬರುವುದಿಲ್ಲವೆಂದವು.

ಇಷ್ಟಾದರೂ ದೇಶೀಯ ಸುತ್ತುಗಳಲ್ಲಿ ಆಗಾಗ ಒಂದು ಅನಿರೀಕ್ಷಿತ ನ್ಯಾಯ ನಡೆಯುತ್ತದೆ. 2025ರಲ್ಲಿ ಸ್ವೀಡನ್ನಿನ ಸ್ಪರ್ಧೆಯನ್ನು ಗೆದ್ದವರು ಸ್ವೀಡನ್ನಿನವರೇ ಅಲ್ಲ. ಗಡಿಯಾಚೆಯ ಫಿನ್‌ಲೆಂಡಿನಲ್ಲಿ ಅಲ್ಪಸಂಖ್ಯಾತರಾಗಿ ಸ್ವೀಡಿಷ್ ಆಡುವ ಮೂವರು ಗೆಳೆಯರು. ಊರ ಉಗಿಸ್ನಾನದ ಕೋಣೆಯ ಬಗ್ಗೆ ತಮ್ಮ ಹಳ್ಳಿಗಾಡಿನ ನುಡಿಯಲ್ಲಿ ನಗೆಹಾಡು ಹಾಡಿ ಹೆಸರಾಂತ ಗಾಯಕರನ್ನು ಹಿಂದಿಕ್ಕಿದರು. 1998ರ ನಂತರ ಸ್ವೀಡನ್ ತನ್ನದೇ ಭಾಷೆಯ ಹಾಡನ್ನು ಕಳುಹಿಸಿದ್ದು ಅದೇ ಮೊದಲು. ಬಾಸೆಲ್ ನಗರದಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನ ಬಂದಿತು. ರಾಜಧಾನಿ ಇಂಗ್ಲಿಷಿಗೆ ಮರುಳಾಗಿದ್ದಾಗ ಭಾಷೆಯನ್ನು ವೇದಿಕೆಗೆ ಮರಳಿ ತಂದವರು ಗಡಿಯಾಚೆಯವರು. ಕಾಸರಗೋಡಿನ ಕನ್ನಡಿಗರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿಯೂ ಕಿವಿಗಳು ತೆರೆಯುತ್ತಿಲ್ಲವೆಂದು ಹೇಳಲಾರೆ. 2021ರಲ್ಲಿ ತೆರೆಕಂಡ 'ಸಲಗ' ಚಲನಚಿತ್ರಕ್ಕಾಗಿ ಗಿರಿಜಾ ಸಿದ್ದಿ ಮೊದಲಾದ ಸಿದ್ದಿ ಕಲಾವಿದರು ಹಾಡಿದ ಹಾಡು ನಾಡಿನ ಹುಡುಗರ ಬಾಯಲ್ಲಿ ಕುಣಿಯಿತು. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಿತು. 2025ರಲ್ಲಿ ತೀರಿಕೊಂಡ ಆ ತಾಯಿ ಯಾವ ಸ್ಪರ್ಧೆಯ ಅಂಕಪಟ್ಟಿಯಿಂದಲೂ ದೊಡ್ಡವರಾದವರಲ್ಲ. ಕೇಳಿಸಿದರೆ ಜನ ಕೇಳುತ್ತಾರೆ ಎಂಬುದಕ್ಕೆ ಇವೆರಡೇ ಸಾಕು.

ಆದ್ದರಿಂದ ನನ್ನದೊಂದು ಸೂಚನೆ. ಭಾರೀ ವೆಚ್ಚದ್ದಲ್ಲ, ಒಂದು ಪ್ರೌಢಶಾಲೆಯ ಬಯಲು, ಒಂದು ಧ್ವನಿವರ್ಧಕ, ನಾಲ್ಕು ರಾತ್ರಿ ಸಾಕು. ಸುಗ್ಗಿ ಮುಗಿದ ಮೇಲೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ತಾಲ್ಲೂಕಿಗೊಂದು ರಾತ್ರಿ ಹಾಡಿನ ಕೂಟ ನಡೆಯಲಿ. ಯಾರೇ ಆಗಲಿ ತಮ್ಮ ಮನೆಮಾತಿನಲ್ಲೇ ಹಾಡಲಿ. ಹಾಡುವುದಕ್ಕೆ ಮೊದಲು ಅದರ ತಿರುಳನ್ನು ಕನ್ನಡದಲ್ಲಿ ಒಬ್ಬರು ತಿಳಿಸಲಿ. ಸಾಧ್ಯವಾದರೆ ಹಾಡುವವರ ಮನೆಯ ಶಾಲಾಬಾಲಕನೋ ಬಾಲಕಿಯೋ ತಿಳಿಸಲಿ. ಗಂಟೆ ಬಾರಿಸುವುದು ಬೇಡ. ಹಾಡು ತಾನೇ ಮುಗಿಯಲಿ. ಕೊನೆಗೆ ಕೇಳಿದವರೆಲ್ಲ ಮತ ಹಾಕಲಿ, ಆದರೆ 1957ರ ಆ ನಿಯಮದೊಂದಿಗೆ: ತಮ್ಮ ಊರಿಗೆ, ತಮ್ಮ ಜನಕ್ಕೆ, ತಮ್ಮ ನುಡಿಗೆ ತಾವು ಮತ ಹಾಕುವಂತಿಲ್ಲ. ಆಗ ಹಳಿಯಾಳದ ಮರಾಠಿ ರೈತ ಸಿದ್ದಿ ಅಜ್ಜಿಯ ಹಾಡನ್ನೂ ದಾಂಡೇಲಿಯ ಕಾರ್ಮಿಕ ಕುಣಬಿಗಳ ಪದವನ್ನೂ ಗಮನವಿಟ್ಟು ಕೇಳಲೇಬೇಕಾಗುತ್ತದೆ. ಮತ ಯಾರಿಗೆ ಬಿದ್ದಿತೆಂಬುದು ಮರುದಿನಕ್ಕೆ ಮರೆತುಹೋಗಲಿ. ಕೇಳಿದ್ದು ಮರೆಯುವುದಿಲ್ಲ.

ಇದು ಪಶ್ಚಿಮದಿಂದ ತಂದ ಹೊಸ ವಿಚಾರವೇನೂ ಅಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರ ಪರರ ವಿಚಾರವನ್ನು ಸಹಿಸಬಲ್ಲದ್ದೇ ನಿಜವಾದ ಸಂಪತ್ತೆಂದು ಕಂಡವನು. ಕನ್ನಡದೊಳಗೇ ಹಲವು ಕನ್ನಡಗಳಿರುವುದನ್ನು ಬಲ್ಲವನು. ಅವನ ನಂತರ ಬಂದ ಪಂಪನಿಗೆ ಬನವಾಸಿಯನ್ನು ನೆನಪಿಗೆ ತರುವವುಗಳಲ್ಲಿ ಕಿವಿಹೊಕ್ಕ ಇಂಪಾದ ಗೇಯವೂ ಒಂದು. ಬನವಾಸಿ ನಮ್ಮ ಮುಂಡಗೋಡಿಗೆ ದೂರವಲ್ಲ. ಆ ಸೀಮೆಯ ಗೇಯವೆಂದರೆ ಇಂದು ಡಮಾಮಿಯೂ ಹೌದು, ಗೌಳಿಗರ ಡೋಲೂ ಹೌದು, ಭಿಕ್ಷುಗಳ ಮಂತ್ರವೂ ಹೌದು. ಇವುಗಳಲ್ಲಿ ಯಾವುದನ್ನು ನಾಡಿನ ಹಾಡೆಂದು ಹೊರಗೆ ಕಳುಹಿಸಬೇಕು ಎಂದು ಯಾರಾದರೂ ನಮ್ಮನ್ನು ಕೇಳುವ ಕಾಲ ಬರಬಹುದು. ಆ ವೇಳೆಗೆ ನಾವು ಇವೆಲ್ಲವನ್ನೂ ಒಮ್ಮೆಯಾದರೂ ಪೂರ್ತಿಯಾಗಿ ಕೇಳಿರಬೇಕು.

(ಬಾನುಲಿ ಭಾಷಣ)